ಎರವಲು ಕಿವಿ

ಮೂವತ್ತೊಂದು ವರ್ಷ, ಮಟೌರಾ ಹೊಳೆಯ ದಂಡೆಯ ಮಾಂಸದ ಕಾರ್ಖಾನೆಯಲ್ಲಿ
ಮೂಳೆ ಕೊಯ್ಯುವ ಗರಗಸದ ಮಗ್ಗುಲಿಗೇ ನಿಂತವನು ಮರ್ಡೊ.
ಬೀಳ್ಕೊಡುಗೆಗೆ ಒಂದು ಗೋಡೆ ಗಡಿಯಾರ ಕೊಟ್ಟರು.
ಅದರ ಟಿಕ್ ಟಿಕ್ ಅವನಿಗೆ ಕೇಳಿಸಲಿಲ್ಲ.
ಓಡುತ್ತಿದೆಯಾ ಎಂದು ಅವನೂ ಕೇಳಲಿಲ್ಲ,
ನಾನೂ ಹೇಳಲಿಲ್ಲ.

ಕಾಫಿ ಹುರಿಯುವ ಹುಚ್ಚು ಹಿಡಿದದ್ದು ಆಮೇಲೆ.
ಗೊರೋಕಾದಿಂದ ಬಂದ ಹಸಿ ಬೀಜ, ಐದು ಕಿಲೋ ಚೀಲ,
ಗ್ಯಾರೇಜಿನ ಮೂಲೆಯಲ್ಲಿ ಹಳೇ ಪಾಪ್‌ಕಾರ್ನ್ ಯಂತ್ರ,
ಅರ್ಧ ಎತ್ತಿದ ಬಾಗಿಲ ಕೆಳಗೆ
ಹೊಟ್ಟೆ ಹೊಸೆಯುತ್ತ ಬರುವ ತೆಂಕಣ ಗಾಳಿ.
ನಮ್ಮಿಂದ ತೆಂಕಣಕ್ಕೆ ಒಂದಿಷ್ಟು ಕಡಲು, ಆಮೇಲೆ ಬರೀ ಹಿಮ.

ಮೊದಲು ಒಣಹುಲ್ಲಿನ ವಾಸನೆ.
ಆಮೇಲೆ ಬಟಾಣಿ ಬೇಯಿಸಿದ ನೀರಿನದು. ಆಮೇಲೆ ಬ್ರೆಡ್ಡಿನದು.
ಹೊಟ್ಟು ಹಾರುತ್ತದೆ, ಕೂರುತ್ತದೆ ಅವನ ಹುಬ್ಬಿನ ಮೇಲೆ.
ಇನ್ನು ಬೀಜ ಮಾತಾಡುತ್ತದೆ ನೋಡು, ಎನ್ನುತ್ತಾನೆ.
ಚಟ್.
ಒಂದೇ ಒಂದು. ತಡೆದು, ಮತ್ತೊಂದು. ಆಮೇಲೆ ಸಾಲುಸಾಲು.
ಮೊದಲ ಚಟ್‌ನಿಂದ ಎಪ್ಪತ್ತು ಎಣಿಸಿ ಇಳಿಸಬೇಕು,
ಅದು ಹದ.
ಯಂತ್ರದ ಮೊರೆತದ ಕೆಳಗೆ ಬಚ್ಚಿಟ್ಟುಕೊಂಡ ಆ ಸದ್ದು
ಅವನಿಗೆಲ್ಲಿ ಸಿಗಬೇಕು?
ಅವನಿಗೆ ಮೊರೆತವೆಂದರೆ ಮೇಜಿಗೆ ಒರಗಿದ ಮೊಣಕೈಯ ನಡುಕ, ಅಷ್ಟೇ.

ಹಾಗಾಗಿ ಸ್ಟೂಲಿನ ಮೇಲೆ ನಾನು,
ಉಣ್ಣೆಯ ಟೋಪಿಯನ್ನು ಕಿವಿಯಿಂದ ಮೇಲೆ ಸರಿಸಿಕೊಂಡು,
ಹುಟ್ಟಿದಾಗಿನಿಂದ ಚಹಾ ಕುಡಿದವಳು.
ಚಟ್ ಎಂದ ಕೂಡಲೇ ಕೈ ಎತ್ತಬೇಕು.
ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಎತ್ತದ ಕೈ ಇದು,
ಈಗ ವಾರಕ್ಕೊಮ್ಮೆ ಎತ್ತುತ್ತೇನೆ.

ಕಳೆದ ಶನಿವಾರ ಎತ್ತಲಿಲ್ಲ.
ಪಕ್ಕದ ಮನೆಯ ಲೋಸಾ ಕಾರ್ನೆಟ್ ಊದುತ್ತಿದ್ದಳು.
ಚಳಿಗಾಲವಿಡೀ ಅದೇ ಮೂರು ಸ್ವರ,
ಮೂರನೆಯದು ಪ್ರತಿ ಸಲ ಹಿಮಗಟ್ಟಿದ ಮೆಟ್ಟಿಲ ಮೇಲಿನ ಕಾಲು.
ಅವತ್ತು ಜಾರಲಿಲ್ಲ.
ನಿಂತಿತು. ನಿಂತೇ ಇತ್ತು.
ಬೀಜ ಕಪ್ಪಾಗಿ, ಎಣ್ಣೆ ಬೆವರಿ, ಗ್ಯಾರೇಜು ಹೊಗೆಯಾದಾಗ
ನನ್ನ ಕೈ ಇನ್ನೂ ಮಡಿಲಲ್ಲಿ.

ಅವನು ಬೈಯಲಿಲ್ಲ. ಮರುದಿನ ಪುಡಿ ಮಾಡಿ ಕುಡಿದ.
ಚೆನ್ನಾಗಿದೆ, ಅಂದ.
ಕಿವುಡರ ಸುಳ್ಳು ಬೀದಿಗೆಲ್ಲ ಕೇಳುತ್ತದೆ.

ಇವತ್ತು ಸ್ಟೇಕ್.
ಎರಡು ಬೆರಳು ದಪ್ಪ, ರಾತ್ರಿಯೇ ಉಪ್ಪು ಸವರಿಟ್ಟದ್ದು,
ಕಸಾಯಿ ಟೈನಾ ಕಾಗದದಲ್ಲಿ ಸುತ್ತುವಾಗ
ಮುದುಕನಿಗೆ ಹೇಳಿ, ಕೊಬ್ಬು ಕತ್ತರಿಸಬೇಡಿ ಅಂದಿದ್ದ,
ಮುದುಕ ಅವನೆದುರಿಗೇ ನಿಂತಿದ್ದ.
ಕಬ್ಬಿಣದ ಬಾಣಲೆ ಹೊಗೆಯಾಡಬೇಕು, ಆಗ ಚುಯ್ ಎಂದು ಇಳಿಸಬೇಕು.
ಮೊದಲೆಲ್ಲ ಆ ಚುಯ್ ಸಣ್ಣಗಾಗುವುದನ್ನು ಕೇಳಿಯೇ ತಿರುವುತ್ತಿದ್ದ.
ಈಗ ಬೆಣ್ಣೆಯ ಬಣ್ಣ ನೋಡುತ್ತಾನೆ,
ಬೆರಳಿಂದ ಮಾಂಸ ಒತ್ತುತ್ತಾನೆ,
ಆಮೇಲೆ, ಬಾಣಲೆಯಿಂದ ಕಣ್ಣು ಕೀಳದೆ,
ನನ್ನ ಎಡಗೈ ಎಳೆದುಕೊಂಡು ಹೆಬ್ಬೆರಳ ಬುಡ ಒತ್ತುತ್ತಾನೆ.
ಅದೂ ಇದೂ ಒಂದೇ ಆದರೆ ಆಯಿತು.

ಅವನಿಗೆ ನಾನು ಹೇಳದ ಮಾತೊಂದಿದೆ.
ಅರವತ್ತೆಂಟರ ಕೈ ಇದು, ವರ್ಷ ವರ್ಷ ಮೆತ್ತಗಾಗುತ್ತಿದೆ.
ಅಳತೆಯ ಪಡಿಯೇ ಸವೆದರೆ ಏನಾದೀತು?
ಬೇಗ ಇಳಿಸುತ್ತಾನೆ.
ಪ್ರತಿ ಚಳಿಗಾಲಕ್ಕೂ ನಮ್ಮ ತಟ್ಟೆ ಇನ್ನಷ್ಟು ಕೆಂಪು.
ನನಗೆ ಬೆಂದದ್ದೇ ಇಷ್ಟ.
ಇರಲಿ.

ಹಲಗೆಯ ಮೇಲೆ ಎಂಟು ನಿಮಿಷ ಅದನ್ನು ಮುಟ್ಟಬಾರದು,
ರಸ ಒಳಗೇ ಮನೆ ಹುಡುಕಿಕೊಳ್ಳಬೇಕಂತೆ.
ನಾನು ಗಡಿಯಾರ ನೋಡುವುದಿಲ್ಲ, ಕೇಳುತ್ತೇನೆ.
ಬೀದಿಯಾಚೆ ಲೋಸಾ ನಾಲ್ಕನೆಯ ಸ್ವರ ಹುಡುಕುತ್ತಿದ್ದಾಳೆ.
ಅವನ ಬೆರಳು ಇನ್ನೂ ನನ್ನ ಹೆಬ್ಬೆರಳ ಬುಡದಲ್ಲೇ,
ಬೆಂದಿತೋ ಇಲ್ಲವೋ
ಇನ್ನೂ ತಿಳಿಯದವನ ಹಾಗೆ.