ಬೇರು ಮೂಸಿದವಳು

ಮೇಲೂರಿನ ನರ್ಸರಿಯ ಹುಡುಗ ಚೀಟಿಯಲ್ಲಿ ಬರೆದದ್ದು
ಲಾವಂಚ, ಒಂದು, ಎಂಬತ್ತು ರೂಪಾಯಿ.
ಅವನ ತಪ್ಪಲ್ಲ. ಲ್ಯಾವೆಂಡರ್ ಎಂದಿದ್ದೆ ನಾನು,
ಶಿಡ್ಲಘಟ್ಟದ ಬಸ್ಸಿನ ಹಾರ್ನ್ ಅರ್ಧ ನುಂಗಿತ್ತು,
ಉಳಿದರ್ಧಕ್ಕೆ ಅವನಿಗೆ ಗೊತ್ತಿದ್ದ ಹೆಸರು ಹೊಂದಿಕೊಂಡಿತ್ತು.

ಗಿಡ ಮಾತ್ರ ಬೆರಳು ತೋರಿಸಿ ತಂದದ್ದು, ಅದು ಸರಿಯೇ:
ಬೂದಿ ಬಳಿದುಕೊಂಡಂಥ ಎಲೆ, ಕಡ್ಡಿಯಂಥ ಮೈ,
ಉಜ್ಜಿದರೆ ಬೆರಳಿಗೆ ಹತ್ತಿ ಬರುವ
ದವನವೂ ಅಲ್ಲದ, ಮರುಗವೂ ಅಲ್ಲದ ಒಂದು ವಾಸನೆ.
ತೂತುಬಿದ್ದ ಹಳೇ ಬೇಸಿನ್ನಿಗೆ ನೆಟ್ಟೆ,
ಹತ್ತು ವರ್ಷ ಗೂಡು ಬೇಯಿಸಿದ ಬೇಸಿನ್ನು ಅದು.

ನಿನಗೇಕೆ ಅದು ಎಂದರೆ,
ರೀಲಿಂಗ್ ಮನೆಯ ಹೆಂಗಸರ ಕೈ ನೀವು ಮೂಸಿಲ್ಲ.
ಬೆಂದ ಹುಳುವಿನ ವಾಸನೆ ಸೋಪಿಗೆ ಬಗ್ಗುವುದಿಲ್ಲ,
ಹುಣಸೆಗೆ ಇಲ್ಲ, ನಿಂಬೆಗೆ ಇಲ್ಲ.
ಮದುವೆಯ ಪಂಕ್ತಿಯಲ್ಲಿ ಪಕ್ಕದವರು
ಎಲೆಯನ್ನಷ್ಟೇ ಸರಿಸಿಕೊಂಡ ಹಾಗೆ ತಾವೂ ಸರಿಯುತ್ತಾರೆ.
ನಾವು ಬಿಚ್ಚಿದ ನೂಲನ್ನೇ ಉಟ್ಟಿರುತ್ತಾರೆ.

ಮೊದಲ ತಿಂಗಳು ಪ್ರೀತಿ ಹೆಚ್ಚಾಯಿತು.
ಮಲ್ಲಿಗೆಗೆ ಸುರಿದಂತೆ ಗೂಡಿನ ನೀರು ಸುರಿದೆ,
ಬುಡ ಮೆತ್ತಗಾಗಿ ಹಳದಿಗೆ ತಿರುಗಿತು.
ಪಕ್ಕದಲ್ಲಿ ಕೂತು ನೂಲು ತೆಗೆಯುವ ಫಹಮಿದಾ ಹೇಳಿದಳು,
"ಅದಕ್ಕೆ ಒಂಚೂರು ಉಪವಾಸ ಕಲಿಸೇ."
ಜಲ್ಲಿ ಹಾಕಿದೆ, ಮೊಟ್ಟೆಸಿಪ್ಪೆ ಕುಟ್ಟಿ ಹಾಕಿದೆ,
ನಾಲ್ಕು ದಿನಕ್ಕೊಮ್ಮೆ ಒಂದು ಚೊಂಬು ಬೋರಿನ ನೀರು.
ಬೇಳೆ ಬೇಯದ, ಪಾತ್ರೆಗೆ ಬಿಳಿ ಪದರ ಕಟ್ಟುವ,
ನಮ್ಮ ಕರಿಬೇವನ್ನು ಎರಡು ಸಲ ಕೊಂದ ನೀರು;
ಅದನ್ನೇ ಕುಡಿದು ಎದ್ದು ಕೂತಿತು ಈ ಗಿಡ.
ಸಾವಿರದಿನ್ನೂರು ಅಡಿಯ ಸುಣ್ಣ
ಯಾರಿಗಾದರೂ ರುಚಿಸಿತಲ್ಲ ಎಂದು ಇಬ್ಬರೂ ನಕ್ಕೆವು.

ಅಷ್ಟರಲ್ಲಿ ಅತ್ತೆ ಪಿಳ್ಳಮ್ಮನಿಗೆ ಆ ಚೀಟಿ ಸಿಕ್ಕಿತು,
ಸಾಸಿವೆ ಡಬ್ಬಿಯ ತಳದಲ್ಲಿ.
ಮೊಮ್ಮಗಳ ಕೈಲಿ ಓದಿಸಿದಳು: ಲಾ-ವಂ-ಚ.
ತವರಿನ ನೀರಿನ ಹರವಿ ನೆನಪಾಗಿರಬೇಕು,
ಅದರೊಳಗೆ ಮುಳುಗಿರುತ್ತಿದ್ದ ಬೇರಿನ ಕಟ್ಟು,
ನೀರು ಚಿಮುಕಿಸಿ ಬೀಸಿಕೊಂಡ ಬೀಸಣಿಗೆ.
ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ
ಗಿಡ ಅಂಗಳದಲ್ಲಿ ಅಂಗಾತ,
ಅತ್ತೆಯ ಮೂಗಿನ ತುದಿಗೆ ಕೆಮ್ಮಣ್ಣು.
"ಬರೇ ಮಣ್ಣು ಕಣೇ ಇದು. ಮೋಸ ಮಾಡವ್ನೆ ನಿನ್ಗೆ"
ಎಂದು ತೆಲುಗಲ್ಲೊಮ್ಮೆ, ಕನ್ನಡದಲ್ಲೊಮ್ಮೆ
ನರ್ಸರಿಯವನ ವಂಶ ತೊಳೆದಳು.
ಅವಳ ಸೆರಗು, ಮೊಣಕೈ, ಅಂಗಳವೆಲ್ಲ
ಮುರಿದ ಎಲೆಯ ಪರಿಮಳ.
ಅವಳು ಬೇರನ್ನೇ ಮತ್ತೆ ಮತ್ತೆ ಮೂಸುತ್ತಿದ್ದಳು.

ಏಳು ಕಡ್ಡಿ ಕತ್ತರಿಸಿ ಇಟ್ಟಿಗೆಪುಡಿಗೆ ಚುಚ್ಚಿದೆ.
ಐದು ಹೋದವು.
ಉಳಿದೆರಡರಲ್ಲಿ ಒಂದು, ಪುಷ್ಯದ ಚಳಿಗೆ,
ನಂದಿಬೆಟ್ಟದ ಮಂಜು ನಮ್ಮ ಬೀದಿಗೂ ಇಳಿದ ವಾರ,
ಹೂ ಬಿಟ್ಟಿತು: ಬದನೆಹೂವಿನ ಬಣ್ಣ, ಜೀರಿಗೆಯಷ್ಟು ಗಾತ್ರ.
ಮೂರೇ ಕದಿರು. ತಲೆಕೆಳಗಾಗಿ ಕಟ್ಟಿ ಒಣಗಿಸಿ
ಬಣ್ಣ ಹತ್ತದ ರೇಷ್ಮೆ ಚೂರಿನಲ್ಲಿ ಚೀಲ ಹೊಲಿದೆ,
ನುಸಿಗುಳಿಗೆ ಎಸೆದು ಟ್ರಂಕಿಗಿಟ್ಟೆ.
ಉಳಿದ ಎಲೆ ಕೊಬ್ಬರಿ ಎಣ್ಣೆಗೆ.
ನೆತ್ತಿಗಿಟ್ಟರೆ ಮಗು ನಿದ್ದೆ ಹೋಗುತ್ತದೆಂದು
ಫಹಮಿದಾ ಒಂದು ಸೀಸೆ ಒಯ್ದಳು;
ನಿದ್ದೆ ಬಂದದ್ದು ಮಗುವಿಗಲ್ಲ, ಅವಳಿಗಂತೆ.
ಕೈಯ ವಾಸನೆ ಹೋಯಿತೇ ಎಂದರೆ, ಇಲ್ಲ.
ಅದರ ಜೊತೆ ಇದೂ ಇದೆ ಈಗ,
ಒಂದೇ ಬೆಂಚಿನಲ್ಲಿ ಮುನಿಸಿಕೊಂಡು ಕೂತ ಇಬ್ಬರ ಹಾಗೆ.

ಪಿಳ್ಳಮ್ಮ ಚೀಲವನ್ನು ತನ್ನ ದಿಂಬಿನಡಿಗೆ ಸಾಗಿಸಿದ್ದಾಳೆ.
ನಾನು ಕೇಳಿಲ್ಲ.
ಇನ್ನೊಂದು ಬೇಸಿನ್ನಿಗೆ ಎಲ್ಲಿಂದಲೋ ತಂದು
ನಿಜವಾದ ಲಾವಂಚವನ್ನೂ ನೆಟ್ಟಿದ್ದಾಳೆ,
ನೋಡಲು ಬರೀ ಹುಲ್ಲು, ಮೇಲೆ ಏನೂ ವಾಸನೆಯಿಲ್ಲ.
ಬಂದವರು ಯಾವುದು ಏನೆಂದು ಕೇಳಿದರೆ
ಎರಡಕ್ಕೂ ಒಂದೇ ಹೆಸರು ಹೇಳುತ್ತಾಳೆ.
"ಇದನ್ನ ಕೀಳ್ಬೇಡಿ" ಅಂತಾಳೆ,
"ಅದನ್ನ ಈಗ್ಲೇ ಕೀಳ್ಬೇಡಿ."