ಕರಡಿಗಂಟೆ, ನಲವತ್ತು ಬೀಜ

ನುಗ್ಜಾರ್,
ನಿನ್ನ ಕಾಗದ ತಾರ್ತುಗೆ ಬಂದಾಗ ಹೊಳೆ ಹೆಪ್ಪುಗಟ್ಟಿತ್ತು,
ಅಂಚೆಯವನು ಅದರ ಮೇಲೇ ನಡೆದು ಬಂದ.
ಕರಡಿಗಂಟೆಯ ಬೀಜ ಇನ್ನೂರು ಕೇಳಿದ್ದೀಯ.
ನಲವತ್ತು ಕಳಿಸುತ್ತಿದ್ದೇನೆ.
ಜಿಪುಣಿ ಅನ್ನಬೇಡ, ಲೆಕ್ಕ ಕೇಳು.

ಪೈನ್ ಮರಗಳ ನಡುವಿನ ಮರಳುದಿಬ್ಬದಲ್ಲಿ
ಕಳೆದ ಜೂನಿಗೆ ಉಳಿದದ್ದು ಅರವತ್ತೊಂದು ಗಿಡ,
ಬೀಜ ಕಟ್ಟಿದ್ದು ಇಪ್ಪತ್ತಮೂರು.
ಐದರಲ್ಲಿ ನಾಲ್ಕು ಪಾಲು ದಿಬ್ಬದ್ದು.
ಒಂದು ಪಾಲು ನಮ್ಮದು, ಅದೂ
ಇಲಾಖೆಯ ಸಹಿ ಬಿದ್ದ ಮೇಲೆ.
ಹಿಲ್ಲಾರ್ ಮಂಡಿಯೂರಿ, ಉಸಿರು ಬಿಗಿಹಿಡಿದು ಬಿಡಿಸಿದ,
ಗರಿಬಾಲದ ಬೀಜ, ಉಫ್ ಎಂದರೆ ಹಾರಿಹೋಗುತ್ತದೆ.
ನಾನು ಪಕ್ಕದಲ್ಲಿ ಬರೆದುಕೊಂಡೆ
ದಿನ, ಇಳಿಜಾರಿನ ದಿಕ್ಕು, ಮಣ್ಣು, ನೆರೆಯ ಗಿಡಗಳು.
ಎಲ್ಲಿಯದೆಂದು ಗೊತ್ತಿಲ್ಲದ ಬೀಜ
ನಮ್ಮ ಕೋಣೆಯಲ್ಲಿ ಬರಿಯ ಕಾಳು.

ಆಮೇಲೆ ಆರು ವಾರ ಒಣಕೋಣೆ.
ಅಲ್ಲಿನ ಗಾಳಿಗೆ ನನ್ನ ತುಟಿ ಒಡೆಯುತ್ತದೆ, ಬೀಜ ಸುಮ್ಮನಿರುತ್ತದೆ.
ಬೆಳ್ಳಿಬಣ್ಣದ ಪೊಟ್ಟಣ, ಅಂಚಿಗೆ ಬಿಸಿ ಮುದ್ರೆ,
ಸೊನ್ನೆಗಿಂತ ಇಪ್ಪತ್ತು ಕೆಳಗೆ ನಿದ್ದೆ.
ಅರ್ಧ ಯಾರೂ ಮುಟ್ಟಬಾರದ್ದು.
ಕಾಲು ಭಾಗ ಬೇರೊಂದು ಊರಿನ ಪೆಟ್ಟಿಗೆಗೆ,
ನಮ್ಮ ಕರೆಂಟು ಹೋದರೂ ಅದು ಇರಲಿ ಎಂದು.
ಸತ್ತಿದೆಯೋ ಮಲಗಿದೆಯೋ
ಬೀಜದ ಮುಖ ನೋಡಿ ಹೇಳಲಾಗದು.
ಇಪ್ಪತ್ತೈದನ್ನು ಒದ್ದೆ ಕಾಗದದ ಮೇಲಿಟ್ಟು ಎಬ್ಬಿಸಿದೆ,
ಹದಿನೇಳು ಎದ್ದವು.

ಈಗ ಇನ್ನೊಂದು ಕರಡಿಯ ಮಾತು.
ನಿಮ್ಮ ಬೆಟ್ಟದಿಂದ ಇಳಿದು ಬಂದ ದೈತ್ಯನಿಗೆ
ನಮ್ಮವರ ಹೆಸರು ಕರಡಿಕೊಳವೆ.
ಹಸುಗಳ ಮೇವಿಗೆಂದು ಮೂಟೆ ಮೂಟೆ ತರಿಸಿದರು.
ನನ್ನಮ್ಮ ಹೆಲ್ಮಿ, ಸಾಮೂಹಿಕ ಬೇಸಾಯದ ಆಳು,
ಮಡಿಲು ತುಂಬಿಕೊಂಡು ಬಿತ್ತಿದಳು,
ಹಾಡುತ್ತ ಮನೆಗೆ ಬಂದಳು.
ಮೊದಲು ಹಾಲಿಗೆ ಸೋಂಪಿನ ವಾಸನೆ ಹತ್ತಿತು.
ಆಮೇಲೆ ಗಿಡ ಬೇಲಿ ದಾಟಿತು, ಕಾಲುವೆ ಹಿಡಿಯಿತು,
ಆಳೆತ್ತರ, ಎರಡಾಳೆತ್ತರ.
ಅದರ ರಸ ತಾಗಿದ ತೋಳಿಗೆ ಬಿಸಿಲು ಬಿದ್ದರೆ
ಕೆಂಡ ಇಟ್ಟ ಹಾಗೆ.
ನನ್ನ ಎಡ ಮುಂಗೈಯಲ್ಲಿ
ಒಂಬತ್ತನೆಯ ವಯಸ್ಸಿನ ಬೇಸಗೆ ಇನ್ನೂ ಕಂದುಬಣ್ಣದಲ್ಲಿದೆ.

ನಿಮ್ಮಲ್ಲಿ ಅದು ಸಾಧು ಅಂತ ನೀನೇ ಬರೆದಿದ್ದೆ.
ಅಲ್ಲಿ ಅದನ್ನು ಕೊರೆಯುವ ಹುಳುವಿದೆ, ಮೇಯುವ ಕುರಿಯಿದೆ.
ಇಲ್ಲಿಗೆ ಬೀಜ ಒಂಟಿಯಾಗಿ ಬಂತು,
ಹದದಲ್ಲಿಟ್ಟಿದ್ದ ಹಗೆಗಳನ್ನು ಊರಲ್ಲೇ ಬಿಟ್ಟು.

ಹೋದ ತಿಂಗಳು ಒಂದು ದೊಡ್ಡ ತೋಟದಿಂದ,
ನುಣುಪು ಕಾಗದದಲ್ಲಿ, ಕರಡಿಕೊಳವೆ ಹತ್ತು ಗ್ರಾಂ ಕೇಳಿದ್ದರು.
ಆ ಬಿಳಿಕೊಡೆಯಂಥ ಹೂ ಕೊಳದ ದಡಕ್ಕೆ ಒಪ್ಪುತ್ತದಂತೆ.
ಎರಡು ಪುಟ ಕಾರಣ ಬರೆದು, ಹರಿದು,
ಒಂದೇ ಸಾಲು ಬರೆದೆ: ಕೊಡುವುದಿಲ್ಲ.
ನಿರ್ದೇಶಕಿ ಓದಿ, ಕಾರಣವೂ ಇರಲಿ ವಿಲ್ವೆ, ಅಂದರು.
ಸರಿ, ಮತ್ತೆ ಎರಡು ಪುಟ.
ಅಮ್ಮನ ಮಡಿಲಿಗೆ ಮೂಟೆ ಸುರಿಯುವ ಮುಂಚೆ
ಇಂಥದೊಂದು ಒರಟು ಕಾಗದ
ಯಾರಾದರೂ ಯಾರಿಗಾದರೂ ಬರೆದಿದ್ದರೆ.

ಅದಕ್ಕೇ ನಿನಗೂ ಹೇಳಬೇಕು, ಬೇಸರಿಸಬೇಡ.
ನನ್ನ ಕರಡಿ ನಿನ್ನ ಬೆಟ್ಟಕ್ಕೆ ಹೊಸಬ.
ನಿಮ್ಮ ಗಂಟೆಹೂಗಳ ಜೊತೆ ಬೆರೆತುಬಿಟ್ಟೀತು.
ಕುಂಡದಲ್ಲೇ ಬೆಳೆಸು, ಗಾಜಿನೊಳಗೆ.
ನೇರಳೆ ಹೂ ಬಾಡುತ್ತಲೇ ಕತ್ತರಿಸು, ಗರಿ ಬಿಡಲು ಬಿಡಬೇಡ.
ಮಾರಬೇಡ. ಇನ್ನೊಬ್ಬರಿಗೆ ಕೊಡುವುದಾದರೆ
ಮೊದಲು ನನ್ನನ್ನು ಕೇಳು, ನಾನು ದಿಬ್ಬದ ಪರವಾಗಿ
ಯೋಚಿಸಿ ಹೇಳುತ್ತೇನೆ.
ಮೊಳೆತರೆ ಬರೆ.
ಮೊಳೆಯದಿದ್ದರೂ ಬರೆ,
ಆ ಸೊನ್ನೆಯನ್ನೂ ಪುಸ್ತಕಕ್ಕೆ ಏರಿಸಬೇಕು.

ಇತಿ, ವಿಲ್ವೆ.

ಲಕೋಟೆ ಅಂಟಿಸುವ ಮುಂಚೆ ಮತ್ತೊಮ್ಮೆ ಎಣಿಸಿದೆ.
ನಲವತ್ತೊಂದು.
ಒಂದನ್ನು ತೆಗೆಯಲು ಕೈ ಬರಲಿಲ್ಲ.
ಪುಸ್ತಕದಲ್ಲಿ ನಲವತ್ತು ಹೊಡೆದುಹಾಕಿ ತಿದ್ದಿದ್ದೇನೆ,
ನೀನೂ ತಿದ್ದಿಕೋ.