ಅರ್ಧ ಗಂಟೆ ಆಚೆ

ಎಲ್ಲ ಪ್ರಕಟಣೆಗಳ ಕೊನೆಗೂ ಅದೇ ಸಾಲು:
ನ್ಯೂಫೌಂಡ್‌ಲ್ಯಾಂಡಿನಲ್ಲಿ ಅರ್ಧ ಗಂಟೆ ತಡವಾಗಿ.
ಹ್ಯಾಲಿಫ್ಯಾಕ್ಸಿನಲ್ಲಿ ಒಂದು ಎಂದರೆ ನಮಗೆ ಒಂದೂವರೆ.
ಊಟದ ಡಬ್ಬಿ ಮುಚ್ಚಿ, ಕಿವಿಗೆ ಹೆಡ್‌ಫೋನ್ ಏರಿಸಿ
ಕೂತೆ, ಐವತ್ತೊಂಬತ್ತರ ವಿದ್ಯಾರ್ಥಿನಿ,
ಕಾರ್ನರ್ ಬ್ರೂಕಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ.
ಒಂದು ಕಡೆ ಲಾಂಡ್ರಿ, ಇನ್ನೊಂದು ಕಡೆ ಶವಾಗಾರ,
ನಡುವೆ ನಾನು, ನನ್ನ ಹನ್ನೊಂದು ಕಪಾಟು.

ಐದು ವರ್ಷಕ್ಕೊಮ್ಮೆ ಅಂಕ ಕೂಡಿಸಿ ಕಳಿಸಬೇಕು,
ಇಲ್ಲದಿದ್ದರೆ ಹೆಸರಿನ ಮುಂದಿನ ಅಕ್ಷರಗಳು ಉದುರುತ್ತವೆ.
ಈ ಪಾಠಕ್ಕೆ ಎರಡು ಅಂಕ.
ಕಲಿಸುವವಳು ಸಸ್ಕಟೂನಿನ ಹುಡುಗಿ, ಮೂಗಿಗೆ ಉಂಗುರ,
ಹೆಸರು ಲಾರಿಸ್ಸಾ ಡಮಚುಕ್.
ಅವಳ ಹಿಂದೆ ಬೆಕ್ಕೊಂದು ಮೇಜಿನಿಂದ ಏನನ್ನೋ ಬೀಳಿಸಿತು,
ಅವಳು ತಿರುಗಲಿಲ್ಲ. ಆಗಲೇ ಗೌರವ ಬಂತು.

"ಅಥವಾ ಎಂದರೆ ಬಲೆ ಅಗಲವಾಗುತ್ತದೆ,
ಮತ್ತು ಎಂದರೆ ಬಲೆಯ ಕಣ್ಣು ಕಿರಿದಾಗುತ್ತದೆ,
ಅಲ್ಲ ಎನ್ನುವಾಗ ಮಾತ್ರ ಎಚ್ಚರ," ಎಂದಳು.
ನಮ್ಮಪ್ಪ ಕಾಡ್ ಮೀನು ಹಿಡಿದವನು. ನನಗೆ ಬಲೆ ಗೊತ್ತು.
ಅವನು ಹೇಳುತ್ತಿದ್ದ: ಬರಿಗೈಲಿ ಬಂದೆ ಎಂದರೆ
ಕಡಲಲ್ಲಿ ಮೀನು ಇಲ್ಲ ಎಂದಲ್ಲ.
ಆಮೇಲೆ ಒಂದು ವರ್ಷ ನಿಜಕ್ಕೂ ಇರಲಿಲ್ಲ.

ಕೊನೆಯ ಹದಿನೈದು ನಿಮಿಷ, ಹಿಂತೆಗೆದುಕೊಂಡ ಪ್ರಬಂಧಗಳು.
ಪರದೆಯ ಮೇಲೆ ಉದಾಹರಣೆಗೆಂದು ಆರು.
ನಾಲ್ಕನೆಯದು ನನಗೆ ಗೊತ್ತಿತ್ತು.
ಗೊತ್ತಿತ್ತು ಎಂದರೆ, ಬೆರಳಿಗೆ ಗೊತ್ತಿತ್ತು:
ಎಡ ಮೂಲೆಗೆ ಸ್ಟೇಪಲ್, ಒಂಬತ್ತು ಪುಟ,
ಮೂರನೇ ಪುಟದ ನಕ್ಷೆ
ನಮ್ಮ ಹಳೆಯ ಯಂತ್ರದಲ್ಲಿ ಯಾವಾಗಲೂ ಕಪ್ಪಾಗಿ ಬರುತ್ತಿತ್ತು.
ಅಂಕಿಗಳನ್ನು ಹುಟ್ಟಿಸಿದ್ದಂತೆ. ರೋಗಿಗಳೇ ಇರಲಿಲ್ಲವಂತೆ.
ಹಿಂತೆಗೆದು ಆಗಲೇ ಏಳು ವರ್ಷವಂತೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಅಚ್ಚಾದದ್ದು ಹೋಗುವುದಿಲ್ಲ.
ಯಾರದೋ ಡ್ರಾಯರಿನಲ್ಲಿ, ಕಾಫಿ ಕಲೆ ಹೊದ್ದು,
ಒಳ್ಳೆಯವರ ಮುಖ ಮಾಡಿಕೊಂಡು ಮಲಗಿರುತ್ತದೆ.

ರಿಜಿಸ್ಟರ್ ತೆಗೆದೆ. ನಾನು ಏನನ್ನೂ ಎಸೆಯುವವಳಲ್ಲ.
ಐದು ಜನ ಒಯ್ದಿದ್ದರು, ನನ್ನದೇ ಕೈಬರಹ.
ಡಾಕ್ಟರ್ ಕ್ರಿಚ್ ತೀರಿಕೊಂಡು ಮೂರು ವರ್ಷ.
ನರ್ಸ್ ಪಾಟಲ್ "ಯಾವ ಪೇಪರ್?" ಎಂದಳು,
ಫೋನಿನಲ್ಲಿ ಮೊಮ್ಮಗು ಅಳುತ್ತಿತ್ತು.
ಫಾರ್ಮಸಿಯ ವಿನ್ಸ್ "ಅದನ್ನು ನಂಬಿದವರು ಯಾರು?" ಎಂದು ನಕ್ಕ,
ನಗು ನಿಲ್ಲಿಸಿ ಸ್ವಲ್ಪ ಹೊತ್ತಿನ ಮೇಲೆ
"ಒಂದು ಚಳಿಗಾಲ ನಂಬಿದ್ದೆವು" ಎಂದ.
ಇನ್ನಿಬ್ಬರು ಸಿಗಲಿಲ್ಲ. ಇಲ್ಲ ಎಂದಲ್ಲ, ಸಿಗಲಿಲ್ಲ.

ಆ ಚಳಿಗಾಲ ಹಾಸಿಗೆಯಲ್ಲಿದ್ದವರು ಯಾರು?
ತಿಳಿಯದು. ತಿಳಿಯುವಂತೆಯೂ ಇಲ್ಲ.
ನನ್ನ ಬಳಿ ಇಳಿದು ಬರುವುದು ಪ್ರಶ್ನೆ ಮಾತ್ರ:
ವಯಸ್ಸೆಷ್ಟು, ಹೆಣ್ಣೋ ಗಂಡೋ, ಮೂತ್ರಪಿಂಡ ಹೇಗಿದೆ.
ಮುಖ ಮೇಲಿನ ಮಹಡಿಯಲ್ಲೇ ಉಳಿಯುತ್ತದೆ.
ಕೆಲವೊಮ್ಮೆ ನನ್ನ ಉತ್ತರ ಲಿಫ್ಟ್ ಹತ್ತುವಷ್ಟರಲ್ಲಿ
ಕೇಳಿಸಿದವರು ಇಳಿದು ಪಕ್ಕದ ಕೋಣೆ ಸೇರಿರುತ್ತಾರೆ.

ಕೆಂಪು ಪೆನ್ಸಿಲ್ ಚೂಪು ಮಾಡಿದೆ.
ರಟ್ಟು ಕಟ್ಟಿದ ಸಂಪುಟ ಇಳಿಸಿ ಒಂಬತ್ತು ಪುಟಕ್ಕೂ
ಅಡ್ಡಲಾಗಿ ಬರೆದೆ: ಹಿಂತೆಗೆಯಲಾಗಿದೆ.
ಲೈಬ್ರರಿಯ ಪುಸ್ತಕದಲ್ಲಿ ಗೀಚಿದ್ದು ಇದೇ ಮೊದಲು.
ಮೂವತ್ತೊಂದು ವರ್ಷ ಗೀಚಿದವರಿಗೆ ದಂಡ ಹಾಕಿದವಳು,
ಬಾಗಿಲ ಕಡೆ ಒಮ್ಮೆ ನೋಡಿದೆ, ಕಳ್ಳಿಯ ಹಾಗೆ.

ಆಮೇಲೆ ಪಕ್ಕದ ಸಂಪುಟ ನೋಡಿದೆ.
ಅದರ ಪಕ್ಕದ್ದು.
ಹನ್ನೊಂದು ಕಪಾಟು.

ಪ್ರಮಾಣಪತ್ರ ಶುಕ್ರವಾರ ಬಂತು. ಎರಡು ಅಂಕ.
ಫಿಲೊಮಿನಾ ಕೀಲಿ ಎನ್ನುವುದನ್ನು ಕೆಲ್ಲಿ ಎಂದು ಬರೆದಿದ್ದರು.
ಹಿಂದೆಲ್ಲ ಹಾಗೇ ಬಿಡುತ್ತಿದ್ದೆ.
ತಿದ್ದಿಸಲು ಒಂದು ಫಾರಂ ಇದೆಯಂತೆ,
ತುಂಬಿ ಕಳಿಸಿದೆ.

ಮುಂದಿನ ಪಾಠ ಮಂಗಳವಾರ. ಅದಕ್ಕೆ ಅಂಕವಿಲ್ಲ.
ಹೆಸರು ಕೊಟ್ಟಿದ್ದೇನೆ.
ಅಲ್ಲಿ ಒಂದು, ನಮಗೆ ಒಂದೂವರೆ.